ಹೊಸ ನಲ್ಲಿ, ಸಣ್ಣ ಧಾರೆ: ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಕೊನೆಗೆ

ಬಾತ್‌ರೂಮಿಗೆ ಹೊಸ ನಲ್ಲಿ ಹಾಕಿಸಿದ ಮಾರನೇ ದಿನವೇ ಶುರುವಾಗುವ ತಕರಾರು ಒಂದೇ: "ಹಳೇ ನಲ್ಲಿಯಲ್ಲೇ ನೀರು ಚೆನ್ನಾಗಿ ಬರ್ತಿತ್ತು." ಅಲ್ಲಿಂದ ಮುಂದೆ ಬಹಳ ಜನ ಮಾಡುವ ತಪ್ಪೂ ಒಂದೇ. ನಲ್ಲಿಯನ್ನು ಬೈದು ಇನ್ನೊಂದು ನಲ್ಲಿ ತರುತ್ತಾರೆ, ಇಲ್ಲವೇ ನೇರ ಪ್ರೆಶರ್ ಪಂಪಿಗೆ ಹೋಗುತ್ತಾರೆ. ನಮ್ಮ ಅಕ್ಕನ ಮನೆಯಲ್ಲಿ ಪಂಪ್ ಕೂಡಿಸಿದ ಮೇಲೂ ಬೇಸಿನ್ ನಲ್ಲಿ ಹಾಗೇ ಇತ್ತು. ಕೊನೆಗೆ ಅದರ ಬಾಯಿಯಲ್ಲಿದ್ದ ಜಾಲರಿ ಬಿಚ್ಚಿದರೆ ಒಳಗೆ ಅಕ್ಕಿಕಾಳಿನಷ್ಟು ಟೆಫ್ಲಾನ್ ಟೇಪಿನ ಉಂಡೆ. ಖರ್ಚಿಲ್ಲದ ಕೆಲಸ, ಎರಡೇ ನಿಮಿಷದ್ದು.

ಆದ್ದರಿಂದ ಇಲ್ಲಿ ಕ್ರಮ ಮುಖ್ಯ. ನಾನೇ ಹೇಳಿದ ಕಡೆ ಬಿಟ್ಟರೆ ಕೆಳಗಿನ ಹಂತಗಳನ್ನು ದಾಟಿ ಹೋಗಬೇಡಿ. ಒಂದು ಹಂತದಲ್ಲೇ ನೀರು ಸರಿಹೋದರೆ ಅಲ್ಲಿಗೇ ನಿಲ್ಲಿಸಿ.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಅಳತೆ ಗೊತ್ತಿರುವ ಒಂದು ಬಕೆಟ್ (20 ಲೀಟರಿನದು ಸಾಕು), ಮೊಬೈಲು (ಸಮಯ ನೋಡಲು, ಟಾರ್ಚಿಗೆ, ಫೋಟೋಗೆ), ಅಡ್ಜಸ್ಟಬಲ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಹಳೇ ಟೂತ್ ಬ್ರಷ್, ಟೆಫ್ಲಾನ್ ಟೇಪ್, ಒಂದು ದಪ್ಪ ಬಟ್ಟೆ, ಸ್ವಲ್ಪ ಬಿಳಿ ವಿನಿಗರ್. ನಲ್ಲಿಯ ಡಬ್ಬಿಯನ್ನು ಬಿಸಾಡಿದ್ದೀರಾ? ಹುಡುಕಿ ತನ್ನಿ. ಜಾಲರಿ ಬಿಚ್ಚುವ ಪುಟ್ಟ ಪ್ಲಾಸ್ಟಿಕ್ ಕೀ ಎಷ್ಟೋ ಸಲ ಅದರಲ್ಲೇ ಉಳಿದಿರುತ್ತದೆ.

ಸ್ಪ್ಯಾನರ್ ಹಿಡಿಯುವ ಜಾಗಕ್ಕೆ ಯಾವಾಗಲೂ ಬಟ್ಟೆ ಸುತ್ತಿ. ಹೊಸ ಕ್ರೋಮ್ ಮೇಲೆ ಗೀರು ಬಿದ್ದರೆ ಹೋಗುವುದಿಲ್ಲ. ಬೇಸಿನ್ ಮತ್ತು ನೆಲದ ಜಾಲಿಯ ಬಾಯಿಗೂ ಒಂದು ಬಟ್ಟೆ ತುರುಕಿ. ವಾಷರ್ ಅಲ್ಲಿಗೆ ಬಿದ್ದರೆ ಮತ್ತೆ ಸಿಗದು.

## ಹಂತ 1: ಎಲ್ಲಿ ಕಡಿಮೆ, ಯಾವಾಗ ಕಡಿಮೆ?

ಸ್ಪ್ಯಾನರ್ ಮುಟ್ಟುವ ಮೊದಲು ಮನೆಯೆಲ್ಲಾ ಒಂದು ಸುತ್ತು ಹಾಕಿ. ಪ್ರತಿ ನಲ್ಲಿಯನ್ನೂ ಒಂದೊಂದಾಗಿ ಪೂರ್ತಿ ತಿರುಗಿಸಿ ನೋಡಿ. ಎರಡನ್ನು ಒಟ್ಟಿಗೆ ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಒಂದೇ ನಲ್ಲಿಯಲ್ಲಿ ಕಡಿಮೆ ಇದ್ದರೆ ತೊಂದರೆ ಆ ನಲ್ಲಿಯಲ್ಲಿ ಅಥವಾ ಅದರ ಹಿಂದಿನ ಒಂದು ಅಡಿಯೊಳಗೆ. ಒಂದು ಬಾತ್‌ರೂಮಿನ ಎಲ್ಲಾ ನಲ್ಲಿಗಳಲ್ಲೂ ಕಡಿಮೆ ಎಂದರೆ ಆ ಬಾತ್‌ರೂಮಿನ ವಾಲ್ವ್. ಮನೆಯಿಡೀ ಕಡಿಮೆ ಎಂದರೆ ತಾರಸಿ ಹತ್ತಬೇಕು. ತಣ್ಣೀರು ಚೆನ್ನಾಗಿದ್ದು ಬಿಸಿನೀರು ಮಾತ್ರ ಸಣ್ಣಗಿದ್ದರೆ ನೇರ ಹಂತ 6ಕ್ಕೆ ಹೋಗಿ.

ಸಮಯವನ್ನೂ ಗಮನಿಸಿ. ಟ್ಯಾಂಕ್ ತುಂಬಿದಾಗ ಪರವಾಗಿಲ್ಲ, ಸಂಜೆ ಹೊತ್ತಿಗೆ ಇಳಿದುಬಿಡುತ್ತದೆ ಎನ್ನುವುದಾದರೆ ಅದು ಕಸದ ಸಮಸ್ಯೆಯಲ್ಲ, ಎತ್ತರದ ಸಮಸ್ಯೆ. ಮೊದಲ ದಿನ ಜೋರಾಗಿದ್ದು ದಿನೇ ದಿನೇ ಸಣ್ಣಗಾದರೆ ಕಸ. ಕೆಮ್ಮಿದ ಹಾಗೆ ಬುಸ್‌ ಬುಸ್‌ ಎಂದು ಬಂದರೆ ಗಾಳಿ.

ಈಗ ಬಕೆಟ್ ಇಟ್ಟು ಸಮಯ ಬರೆದುಕೊಳ್ಳಿ. 20 ಲೀಟರಿನ ಬಕೆಟ್ 2 ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 10 ಲೀಟರ್. ಸ್ನಾನದ ನಲ್ಲಿಗೆ ಇದು ಸಾಕಷ್ಟಾಯಿತು. ಬೇಸಿನ್ನಿಗೆ ಇಷ್ಟು ಬೇಕಾಗಿಲ್ಲ, ಅಲ್ಲಿ ನಿಮಿಷಕ್ಕೆ 4–5 ಲೀಟರ್ ಬಂದರೂ ಕೈ ತೊಳೆಯಲು ಧಾರಾಳ. ಕಣ್ಣಂದಾಜು ನಂಬಬೇಡಿ. ದಪ್ಪ ಬಾಯಿಯ ಹಳೇ ನಲ್ಲಿ ನೋಡಿ ಅಭ್ಯಾಸವಾದವರಿಗೆ ಹೊಸದರಲ್ಲಿ ಬರುವ ನೊರೆನೊರೆ ಧಾರೆ ಕಡಿಮೆ ಅನ್ನಿಸುವುದು ಸಹಜ.

## ಹಂತ 2: ವಾಲ್ವುಗಳು ಪೂರ್ತಿ ತೆರೆದಿವೆಯೇ?

ನಲ್ಲಿ ಬದಲಿಸಲು ಪ್ಲಂಬರ್ ಎಲ್ಲೋ ಒಂದು ಕಡೆ ನೀರು ನಿಲ್ಲಿಸಿರುತ್ತಾನೆ. ಹೋಗುವ ಅವಸರದಲ್ಲಿ ಅರ್ಧ ತೆರೆದು ಹೋಗಿರುತ್ತಾನೆ. ಟ್ಯಾಂಕಿನಿಂದ ನಲ್ಲಿವರೆಗೆ ಮೂರು ಜಾಗ ನೋಡಿ.

ತಾರಸಿಯಲ್ಲಿ ಟ್ಯಾಂಕಿನ ಕೆಳಗಿನ ವಾಲ್ವ್. ಹಿಡಿ ಇರುವ ಬಾಲ್ ವಾಲ್ವ್ ಆದರೆ ಹಿಡಿ ಪೈಪಿನ ಉದ್ದಕ್ಕೇ ಇರಬೇಕು, ಅಡ್ಡ ಇದ್ದರೆ ಮುಚ್ಚಿದೆ ಎಂದರ್ಥ. ಚಕ್ರ ತಿರುಗಿಸುವ ಹಿತ್ತಾಳೆ ಗೇಟ್ ವಾಲ್ವ್ ಆದರೆ ಹುಷಾರು. ಹಳೆಯದರಲ್ಲಿ ಒಳಗಿನ ತಟ್ಟೆ ಕಡ್ಡಿಯಿಂದ ಕಳಚಿ ಕೆಳಗೇ ಕೂತುಬಿಡುತ್ತದೆ. ಚಕ್ರ ಸರಾಗವಾಗಿ ತಿರುಗುತ್ತದೆ, ತೆರೆದಿದೆ ಅನ್ನಿಸುತ್ತದೆ, ನೀರು ಮಾತ್ರ ಸಂದಿಯಿಂದ ಜಿನುಗುತ್ತದೆ. ಎಷ್ಟು ತಿರುಗಿಸಿದರೂ ಕೊನೆಗೆ ತಡೆ ಸಿಗದಿದ್ದರೆ ಆ ವಾಲ್ವ್ ಸತ್ತಿದೆ. ಬದಲಿಸಿ, ರಿಪೇರಿಗೆ ಹೋಗಬೇಡಿ.

ಎರಡನೆಯದು ಬಾತ್‌ರೂಮಿನ ಗೋಡೆಯೊಳಗಿನ ಕನ್ಸೀಲ್ಡ್ ಸ್ಟಾಪ್ ಕಾಕ್. ಟೈಲ್ಸ್ ಮೇಲೆ ತಿರುಗಿಸುವ ಗುಬ್ಬಿ (ನಾಬ್) ಮಾತ್ರ ಕಾಣುತ್ತದೆ. ಗುಬ್ಬಿ ಸುತ್ತುತ್ತಿದ್ದರೂ ಒಳಗಿನ ಕಡ್ಡಿ, ಅಂದರೆ ಸ್ಪಿಂಡಲ್, ಸುತ್ತದೇ ಇರಬಹುದು. ಗುಬ್ಬಿ ತೆಗೆದು ಸ್ಪಿಂಡಲ್ಲನ್ನೇ ನಿಧಾನವಾಗಿ ತಿರುಗಿಸಿ ನೋಡಿ.

ಮೂರನೆಯದು ಬೇಸಿನ್ ಕೆಳಗಿನ, ಕಮೋಡ್ ಪಕ್ಕದ ಆ್ಯಂಗಲ್ ಕಾಕ್. ಬೇಸಿನ್ ನಲ್ಲಿ ಒಂದೇ ಸಣ್ಣಗಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

## ಹಂತ 3: ನಲ್ಲಿಯ ಬಾಯಿ ಬಿಚ್ಚಿ

ಹೊಸ ನಲ್ಲಿಗಳ ತುದಿಯಲ್ಲಿ ನೀರಿಗೆ ಗಾಳಿ ಬೆರೆಸುವ ಒಂದು ಜಾಲರಿ ಇರುತ್ತದೆ. ಏರೇಟರ್ ಎಂದು ಅದರ ಹೆಸರು. ಹೊಸದಾಗಿ ಕೂಡಿಸಿದ ನಲ್ಲಿಯಲ್ಲಿ ನೀರು ಕಟ್ಟಿಕೊಳ್ಳುವ ಜಾಗ ಹೆಚ್ಚಿನ ಸಲ ಇದೇ. ಪೈಪ್ ಕತ್ತರಿಸಿದಾಗಿನ ಪ್ಲಾಸ್ಟಿಕ್ ಹೊಟ್ಟು, ಟೇಪಿನ ಚೂರು, ಮರಳು, ಸಿಮೆಂಟಿನ ಹರಳು ಎಲ್ಲಾ ಬಂದು ಇಲ್ಲಿ ಕೂರುತ್ತವೆ. ಹಳೇ ಕಬ್ಬಿಣದ ಪೈಪ್ ಇರುವ ಮನೆಯಾದರೆ ಇನ್ನೂ ಜಾಸ್ತಿ. ಹಳೇ ನಲ್ಲಿ ಬಿಚ್ಚುವಾಗ ಬಿದ್ದ ಪೆಟ್ಟಿಗೆ ಒಳಗಿನ ತುಕ್ಕು ಸಡಿಲವಾಗಿ ಎದ್ದು ಬರುತ್ತದೆ. ಹಳೇ ನಲ್ಲಿಗೆ ಜಾಲರಿ ಇರಲಿಲ್ಲ, ಕಸ ಬಕೆಟ್ಟಿಗೆ ಹೋಗುತ್ತಿತ್ತು. ಹೊಸದು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ.

ನಲ್ಲಿ ಮುಚ್ಚಿ. ಹೊರಗೆ ಅಂಚು ಕಾಣುತ್ತಿದ್ದರೆ ಬಟ್ಟೆ ಹಿಡಿದು ಕೈಯಿಂದಲೇ ತಿರುಗಿಸಿ. ಒಳಗೆ ಹುದುಗಿದ್ದರೆ ಕೀ ಬೇಕು, ಅಥವಾ ಅದರಲ್ಲಿ ನಾಣ್ಯ ಕೂರುವಷ್ಟು ಸಂದಿ ಇದ್ದರೆ ನಾಣ್ಯವೇ ಸಾಕು. ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಬಿಚ್ಚುವಾಗ ದಿಕ್ಕು ಗೊಂದಲವಾಗುತ್ತದೆ. ನಿಮ್ಮ ಮುಖ ನಲ್ಲಿಯ ಬಾಯಿಗೆ ಎದುರಾಗಿದೆ ಎಂದುಕೊಂಡು ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಿ.

ಒಳಗೆ ಮೂರ್ನಾಲ್ಕು ಬಿಲ್ಲೆಗಳು ಇರುತ್ತವೆ. ಬಿಡಿಸುವ ಮೊದಲೇ ಫೋಟೋ ತೆಗೆಯಿರಿ, ಬಂದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡಿ. ಒಂದು ತಿರುಗುಮುರುಗಾದರೂ ನೀರು ಸಿಡಿಯುತ್ತದೆ. ಬ್ರಷ್ಷಿನಿಂದ ಹಿಂಬದಿಯಿಂದ ಉಜ್ಜಿ ತೊಳೆಯಿರಿ. ಬೋರ್‌ವೆಲ್ ನೀರಿನ ಬಿಳಿ ಪದರ ಕೂತಿದ್ದರೆ ವಿನಿಗರಿನಲ್ಲಿ ಅರ್ಧ ಗಂಟೆ ನೆನೆಹಾಕಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬೇಡವೇ ಬೇಡ, ಕ್ರೋಮ್ ಸುಲಿದು ಹೋಗುತ್ತದೆ. ಬ್ಲೀಚಿನ ಜೊತೆ ವಿನಿಗರ್ ಬೆರೆಸುವುದಂತೂ ಅಪಾಯ, ವಿಷಗಾಳಿ ಬರುತ್ತದೆ.

ಜಾಲರಿ ಹಾಕದೆಯೇ ಒಮ್ಮೆ ನಲ್ಲಿ ತೆರೆಯಿರಿ. ನೀರು ಜೋರಾಗಿ ಬಂತೇ? ಹಾಗಾದರೆ ಕಾರಣ ಸಿಕ್ಕಿತು. ಅರ್ಧ ಬಕೆಟ್ ಸುಮ್ನೆ ಹರಿಯಲು ಬಿಟ್ಟು ಆಮೇಲೆ ಜಾಲರಿ ಹಾಕಿ. ಇಲ್ಲದಿದ್ದರೆ ನಾಳೆ ಮತ್ತೆ ಇದೇ ಕತೆ.

ತೊಳೆದ ಜಾಲರಿ ಹಾಕಿದ ಮೇಲೂ ಧಾರೆ ಸಣ್ಣಗೇ ಇದ್ದರೆ ಅದು ನೀರು ಉಳಿಸುವ ಮಾದರಿ ಇರಬಹುದು. ಅಂಚಿನಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಎಂದು ಸಣ್ಣಕ್ಷರದಲ್ಲಿ ಕೊರೆದಿರುತ್ತಾರೆ. ಬೆಂಗಳೂರಿನಲ್ಲಿ 2024ರ ಬೇಸಿಗೆಯಲ್ಲಿ ನೀರಿಗೆ ತತ್ವಾರವಾದಾಗ ಜಲಮಂಡಳಿ ಅಪಾರ್ಟ್‌ಮೆಂಟು, ಹೋಟೆಲು, ಅಂಗಡಿ ಮಳಿಗೆಗಳಿಗೆ ಏರೇಟರ್ ಕಡ್ಡಾಯ ಮಾಡಿತ್ತು, ಆಗಿನಿಂದ ಅಂಗಡಿಗಳಲ್ಲಿ ಇಂಥವೇ ಹೆಚ್ಚು ಕಾಣುತ್ತವೆ. ಪಂಪಿನಿಂದ ನೀರು ಬರುವ ಅಪಾರ್ಟ್‌ಮೆಂಟಿನಲ್ಲಿ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ತಾರಸಿ ಟ್ಯಾಂಕಿನಿಂದ ತಾನಾಗಿ ಇಳಿಯುವ ನೀರಿಗೆ ಇದು ಜಾಸ್ತಿ ಬಿಗಿ. ಜಾಲರಿ ಕಿತ್ತೆಸೆಯುವ ಬದಲು ಅದೇ ಅಳತೆಯ, ಹೆಚ್ಚು ಲೀಟರ್ ಬಿಡುವ ಇನ್ನೊಂದನ್ನು ಹಾಕಿ.

ಶವರ್ ತಲೆಗೂ, ಹೆಲ್ತ್ ಫಾಸೆಟ್ಟಿಗೂ ಇದೇ ಕೆಲಸ. ಪೈಪ್ ಸೇರುವ ಜಾಗದ ವಾಷರಿನಲ್ಲಿ ಚಿಕ್ಕ ಜಾಲರಿ ಇರುತ್ತದೆ, ತೊಳೆಯಿರಿ.

## ಹಂತ 4: ಪೈಪಿನ ಬಾಯಿ ಪರೀಕ್ಷೆ

ಇಡೀ ಕೆಲಸದಲ್ಲಿ ಇದೇ ನಿರ್ಣಾಯಕ. ಆದರೂ ಹೆಚ್ಚಿನವರು ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ. ನಲ್ಲಿಯನ್ನೇ ಬಿಚ್ಚಿ, ಗೋಡೆಯ ಪೈಪಿನಿಂದ ನೇರ ಎಷ್ಟು ನೀರು ಬರುತ್ತದೆ ಎಂದು ನೋಡಬೇಕು. ತಪ್ಪು ನಲ್ಲಿಯದೋ ಪೈಪಿನದೋ ಎಂಬ ಜಗಳ ಇಲ್ಲಿಗೆ ಮುಗಿಯುತ್ತದೆ.

ವಾಲ್ವ್ ಪೂರ್ತಿ ಮುಚ್ಚಿ. ಮುಚ್ಚಿದೆ ಎಂದು ನಲ್ಲಿ ತೆರೆದು ಖಚಿತ ಮಾಡಿಕೊಳ್ಳಿ. ಬಿಸಿನೀರಿನ ಲೈನ್ ಇದ್ದರೆ ಗೀಸರ್ ಮೊದಲೇ ಆಫ್ ಮಾಡಿ. ಗೋಡೆಯ ನಲ್ಲಿಯನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿ ಬಿಚ್ಚಿ. ನಲ್ಲಿಯ ಜೊತೆ ಹಿಂದಿನ ಎಕ್ಸ್‌ಟೆನ್ಷನ್ನೂ (ನಲ್ಲಿಗೂ ಪೈಪಿಗೂ ನಡುವಿನ ಜೋಡು ತುಂಡು) ತಿರುಗಿ ಬರುತ್ತಿದೆ ಅನ್ನಿಸಿದರೆ ನಿಲ್ಲಿಸಿ, ಅದನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿದುಕೊಳ್ಳಿ. ಗೋಡೆಯೊಳಗಿನ ಪ್ಲಾಸ್ಟಿಕ್ ಪೈಪಿಗೆ ತಿರುಚು ಬಿದ್ದರೆ ಟೈಲ್ಸ್ ಒಡೆಯುವ ಕೆಲಸ ಬರುತ್ತದೆ.

ಬಕೆಟ್ ಹಿಡಿಯಿರಿ. ವಾಲ್ವ್ ಹತ್ತಿರ ಒಬ್ಬರನ್ನು ನಿಲ್ಲಿಸಿ. "ಬಿಡು" ಅಂದಾಗ ಬಿಡಬೇಕು, "ಸಾಕು" ಅಂದಾಗ ತಕ್ಷಣ ಮುಚ್ಚಬೇಕು. ಮೊದಲ ಅರ್ಧ ಬಕೆಟ್ಟಿನಲ್ಲಿ ಏನು ಬಂತು ನೋಡಿ. ಮರಳೋ, ಬಿಳಿ ಚೂರೋ, ದಾರದ ಎಳೆಯೋ, ತುಕ್ಕೋ. ಎರಡನೇ ಬಕೆಟ್ಟಿಗೆ ಸಮಯ ನೋಡಿ.

ಪೈಪಿನ ಬಾಯಲ್ಲಿ ಬಕೆಟ್ 1 ನಿಮಿಷಕ್ಕೆ ತುಂಬಿ, ನಲ್ಲಿ ಹಾಕಿದಾಗ 4 ನಿಮಿಷ ಹಿಡಿದಿದ್ದರೆ ತಪ್ಪು ನಲ್ಲಿಯ ಕಡೆಗಿದೆ. ಹಂತ 5ಕ್ಕೆ ಹೋಗಿ. ಪೈಪಿನ ಬಾಯಲ್ಲೇ ಸಣ್ಣಗೆ ಬರುತ್ತಿದ್ದರೆ ಎಷ್ಟೇ ದುಬಾರಿ ನಲ್ಲಿ ತಂದರೂ ಪ್ರಯೋಜನವಿಲ್ಲ.

ಪೈಪಿನಲ್ಲೇ ಕಡಿಮೆ, ಆದರೆ ಅದೇ ಬಾತ್‌ರೂಮಿನ ಬೇರೆ ನಲ್ಲಿಗಳಲ್ಲಿ ಚೆನ್ನಾಗಿದೆ ಎನ್ನುವುದಾದರೆ ಟಾರ್ಚ್ ಬಿಟ್ಟು ಪೈಪಿನೊಳಗೆ ನೋಡಿ. ಟೈಲ್ಸಿನ ದಪ್ಪ ಸರಿದೂಗಿಸಲು ಹಾಕಿದ ಎಕ್ಸ್‌ಟೆನ್ಷನ್ ನಿಪ್ಪಲ್ಲಿನಲ್ಲಿ ಟೇಪಿನ ಉಂಡೆ ಸಿಕ್ಕಿಕೊಂಡಿರಬಹುದು. ಅದನ್ನು ಬಿಚ್ಚಿ ಮತ್ತೊಮ್ಮೆ ನೀರು ಬಿಡಿ. ಆಗಲೂ ಇಲ್ಲವೆಂದರೆ ಗೋಡೆಯೊಳಗಿನ ಜೋಡಣೆಯಲ್ಲಿ ಪೈಪ್ ಅಂಟಿಸುವ ಸಾಲ್ವೆಂಟ್ ಜಾಸ್ತಿಯಾಗಿ ಒಳಗೆ ಉಬ್ಬಿ ಗಟ್ಟಿಯಾಗಿರುವ ಸಾಧ್ಯತೆ ಇದೆ. ಅದಕ್ಕೆ ಗೋಡೆ ಒಡೆಯಲೇಬೇಕು. ಆದರೆ ಅದು ಬೇರೆಲ್ಲಾ ನೋಡಿದ ಮೇಲಿನ ಮಾತು.

ನಲ್ಲಿ ಮತ್ತೆ ಹಾಕುವಾಗ ಟೇಪನ್ನು ನಲ್ಲಿಯ ತುದಿಯ ಮೊದಲ ಒಂದು ಥ್ರೆಡ್ ಬಿಟ್ಟು ಸುತ್ತಿ, ನಲ್ಲಿ ತಿರುಗಿಸುವ ದಿಕ್ಕಿನಲ್ಲೇ. ತುದಿಯಿಂದ ಹೊರಗೆ ಚಾಚಿದ ಟೇಪು ನೀರಿನ ಜೊತೆ ಒಳಗೆ ಹೋಗುತ್ತದೆ. ಈ ಸಮಸ್ಯೆಯೇ ಹುಟ್ಟಿದ್ದು ಅಲ್ಲಿಂದ.

## ಹಂತ 5: ನಲ್ಲಿಯ ಹೊಟ್ಟೆಯೊಳಗೆ

ಬೇಸಿನ್ ನಲ್ಲಿಯಾದರೆ ಕೆಳಗಿನ ಬಳುಕುವ ಕನೆಕ್ಷನ್ ಪೈಪ್ ನೋಡಿ. ಉದ್ದ ಹೆಚ್ಚಾಗಿ ಮಡಚಿಕೊಂಡಿರುತ್ತದೆ, ಅಥವಾ ನಟ್ಟು ಬಿಗಿ ಮಾಡುವಾಗ ಪೈಪೇ ತಿರುಚಿರುತ್ತದೆ. ಹೊರಗಿನ ಸ್ಟೀಲ್ ಜಡೆ ನೋಡಲು ಸರಿಯಾಗೇ ಕಾಣುತ್ತದೆ, ಒಳಗಿನ ರಬ್ಬರ್ ಕೊಳವೆ ಮುಚ್ಚಿರುತ್ತದೆ. ಜಾಸ್ತಿ ಬಿಗಿ ಮಾಡಿದಾಗ ರಬ್ಬರ್ ವಾಷರ್ ಹಿಗ್ಗಿ ತೂತನ್ನೇ ಮುಚ್ಚುವುದೂ ಉಂಟು. ಕೈಬಿಗಿ ಮಾಡಿ, ಆಮೇಲೆ ಸ್ಪ್ಯಾನರಿನಲ್ಲಿ ಕಾಲು ಸುತ್ತು. ಸೋರದಿದ್ದರೆ ಅಷ್ಟೇ ಸಾಕು.

ಬಿಸಿನೀರು ತಣ್ಣೀರು ಬೆರೆಸುವ ಗೋಡೆಯ ನಲ್ಲಿಯಾದರೆ, ಅಂದರೆ ವಾಲ್ ಮಿಕ್ಸರಿನಲ್ಲಿ, ಎರಡು ದೊಡ್ಡ ನಟ್ಟುಗಳ ಹಿಂದಿನ ವಾಷರ್‌ಗಳನ್ನು ತೆಗೆದು ನೋಡಿ. ಕೆಲವಕ್ಕೆ ಜಾಲರಿ ಇರುತ್ತದೆ, ಕಸ ಅಲ್ಲೇ ನಿಂತಿರುತ್ತದೆ.

ಒಂದೇ ಹಿಡಿಯ ಮಿಕ್ಸರ್ ಅಥವಾ ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಗೋಡೆಯೊಳಗಿನ ಡೈವರ್ಟರ್ ಆದರೆ ಒಳಗಿರುವುದು ಸೆರಾಮಿಕ್ ಬಿಲ್ಲೆಗಳ ಕಾರ್ಟ್ರಿಡ್ಜ್. ಅದರ ತೂತುಗಳು ಸಣ್ಣವು, ಒಂದು ಸಿಮೆಂಟ್ ಹರಳು ಸಾಕು. ಇದನ್ನು ನೀವಾಗಿ ಬಿಚ್ಚುವ ಮೊದಲು ವಾರಂಟಿ ಕಾಗದ ಓದಿ. ಹೊಸ ನಲ್ಲಿ ಅಲ್ವಾ, ಕಂಪನಿಯವರನ್ನೇ ಕರೆಸಿ. ಅವರು ಬಂದಾಗ ನಿಮ್ಮ ಬಕೆಟ್ ಲೆಕ್ಕ ತೋರಿಸಿ: "ಪೈಪಿನಲ್ಲಿ ಇಷ್ಟು, ನಲ್ಲಿಯಲ್ಲಿ ಇಷ್ಟು." ಆಮೇಲೆ "ನಿಮ್ಮಲ್ಲಿ ಪ್ರೆಶರ್ ಇಲ್ಲ ಸರ್" ಎಂದು ಹೇಳಿ ಹೋಗುವುದು ಅವರಿಗೆ ಅಷ್ಟು ಸುಲಭವಲ್ಲ.

## ಹಂತ 6: ಬಿಸಿನೀರು ಮಾತ್ರ ಕಡಿಮೆ ಇದ್ದರೆ

ಕರೆಂಟ್ ಗೀಸರಿನ ತಣ್ಣೀರು ಒಳಹೋಗುವ ಬಾಯಿಯಲ್ಲಿ ಒಂದು ಸುರಕ್ಷಾ ವಾಲ್ವ್ ಇದೆ. ನೀರು ವಾಪಸ್ ಬಾರದಂತೆ ತಡೆಯುವುದು, ಒತ್ತಡ ಹೆಚ್ಚಾದರೆ ಹೊರಬಿಡುವುದು ಅದರ ಕೆಲಸ. ಗಡಸು ನೀರಿನ ಊರುಗಳಲ್ಲಿ ಅದು ಕಟ್ಟಿಕೊಳ್ಳುತ್ತದೆ. ನೀರು ಕಡಿಮೆ ಎಂದು ಅದನ್ನೇ ತೆಗೆದುಹಾಕುವ ಪ್ಲಂಬರುಗಳನ್ನು ಕಂಡಿದ್ದೇನೆ. ದಯವಿಟ್ಟು ಬಿಡಬೇಡಿ, ಅದಿಲ್ಲದ ಗೀಸರ್ ಸಿಡಿಯಬಹುದು. ಕಟ್ಟಿಕೊಂಡಿದ್ದರೆ ಹೊಸದು ಹಾಕಿಸಿ. ಗೀಸರ್ ಹತ್ತಿರ ಕೈ ಹಾಕುವ ಮೊದಲು ಸ್ವಿಚ್ ಅಷ್ಟೇ ಅಲ್ಲ, ಎಂಸಿಬಿಯನ್ನೂ ಇಳಿಸಿ, ನೀರು ತಣ್ಣಗಾಗಲು ಬಿಡಿ.

ಸೋಲಾರ್ ಇರುವ ಮನೆಯಲ್ಲಿ ಮೊದಲ ಅನುಮಾನ ಗಾಳಿ. ನಲ್ಲಿ ಬದಲಿಸಲು ಲೈನ್ ಖಾಲಿ ಮಾಡಿದಾಗ ಪೈಪ್ ಮೇಲೇರಿ ಇಳಿಯುವ ತಿರುವಿನಲ್ಲಿ, ಮುಖ್ಯವಾಗಿ ತಾರಸಿಯ ಗೋಡೆ ದಾಟುವ ಕಡೆ, ಗಾಳಿ ನಿಂತುಬಿಡುತ್ತದೆ. ಮನೆಯ ಅತಿ ಕೆಳಗಿನ ಬಿಸಿನೀರಿನ ನಲ್ಲಿಯಿಂದ ಶುರುಮಾಡಿ ಎಲ್ಲವನ್ನೂ ಪೂರ್ತಿ ತೆರೆದು 5–10 ನಿಮಿಷ ಬಿಡಿ. ಹೋಗದಿದ್ದರೆ ವಾಲ್ ಮಿಕ್ಸರಿನ ಎರಡೂ ಕಡೆ ತೆರೆದು, ಬಾಯಿಯನ್ನು ದಪ್ಪ ಬಟ್ಟೆ ಹಿಡಿದ ಅಂಗೈಯಿಂದ ಒಂದರ್ಧ ನಿಮಿಷ ಮುಚ್ಚಿ. ತಣ್ಣೀರು ಬಿಸಿಲೈನಿಗೆ ಹಿಂದಕ್ಕೆ ನುಗ್ಗಿ ಗಾಳಿಯನ್ನು ತಳ್ಳುತ್ತದೆ. ಬೆಳಿಗ್ಗೆ ಎಲ್ಲರ ಸ್ನಾನ ಆದ ಮೇಲೆ ಮಾಡಿ. ಸಂಜೆ ಸೋಲಾರ್ ನೀರು ಕೈ ಸುಡುತ್ತದೆ. ಪದೇ ಪದೇ ಹೀಗಾಗುತ್ತಿದ್ದರೆ ಆ ಎತ್ತರದ ತಿರುವಿನಲ್ಲಿ ಟ್ಯಾಂಕಿಗಿಂತ ಮೇಲೆ ಹೋಗುವ ಏರ್ ಪೈಪ್ ಹಾಕಿಸಬೇಕು.

## ಹಂತ 7: ಎತ್ತರದ ಲೆಕ್ಕ

ಇಷ್ಟೆಲ್ಲಾ ಆದ ಮೇಲೂ ಕಡಿಮೆಯೇ ಇದ್ದರೆ ಅಳತೆಯ ಟೇಪು ಹಿಡಿದು ತಾರಸಿಗೆ ಹೋಗಿ. ಟ್ಯಾಂಕಿನ ನೀರು ನಲ್ಲಿಗಿಂತ ಪ್ರತಿ 10 ಅಡಿ ಎತ್ತರದಲ್ಲಿದ್ದರೆ ಸಿಗುವ ಒತ್ತಡ ಸುಮಾರು 0.3 ಬಾರ್.

ಮೇಲ್ಮಹಡಿಯ ಬಾತ್‌ರೂಮ್ ತೆಗೆದುಕೊಳ್ಳೋಣ. ನೆಲದಿಂದ ಸೂರು 10 ಅಡಿ, ಮೋಲ್ಡಿನ ದಪ್ಪ ಅರ್ಧ ಅಡಿ, ಟ್ಯಾಂಕಿನ ಸ್ಟ್ಯಾಂಡ್ 4 ಅಡಿ. ಒಟ್ಟು ಹದಿನಾಲ್ಕೂವರೆ. ಬೇಸಿನ್ ನಲ್ಲಿ 3 ಅಡಿಯಲ್ಲಿದ್ದರೆ ಉಳಿಯುವುದು ಹನ್ನೊಂದೂವರೆ ಅಡಿ, ಎಂದರೆ ಹತ್ತಿರ ಹತ್ತಿರ 0.35 ಬಾರ್. 7 ಅಡಿ ಎತ್ತರದ ಶವರಿಗೆ ಉಳಿಯುವುದು ಏಳೂವರೆ ಅಡಿ, ಬರೀ 0.22 ಬಾರ್. ಟ್ಯಾಂಕ್ ತಳಕ್ಕಿಳಿದಾಗಿನ ಲೆಕ್ಕ ಇದು. ತುಂಬಿದ್ದರೆ ಇನ್ನು ಮೂರ್ನಾಲ್ಕು ಅಡಿ ಸೇರುತ್ತದೆ.

ಈಗ ನಲ್ಲಿಯ ಡಬ್ಬಿ ನೋಡಿ. ಎಷ್ಟೋ ಒಂಟಿ ಹಿಡಿಯ ಮಿಕ್ಸರುಗಳಿಗೆ, ಅಗಲ ಶವರ್‌ಗಳಿಗೆ ಕನಿಷ್ಠ ಅರ್ಧ ಅಥವಾ 1 ಬಾರ್ ಬೇಕು ಎಂದು ಬರೆದಿರುತ್ತದೆ. ನಿಮ್ಮಲ್ಲಿ ಅಷ್ಟಿಲ್ಲ. ನಲ್ಲಿಯಲ್ಲಿ ದೋಷವಿಲ್ಲ, ಆ ಮನೆಗೆ ಅದು ಹೊಂದುವುದಿಲ್ಲ. ಬಿಲ್ಲಿದ್ದರೆ ಬದಲಿಸಿ, ಕಡಿಮೆ ಒತ್ತಡಕ್ಕೆ ನಡೆಯುವ ಮಾದರಿ ಕೇಳಿ. ಸಾಮಾನ್ಯ ವಾಲ್ ಮಿಕ್ಸರ್ ಇಂಥ ಕಡೆ ಚೆನ್ನಾಗಿ ನಡೆಯುತ್ತದೆ. ಟ್ಯಾಂಕಿನಿಂದ ಬಾತ್‌ರೂಮಿನವರೆಗೆ ಅರ್ಧ ಇಂಚಿನ ಪೈಪೇ ಇದ್ದರೆ ಆ ಭಾಗವನ್ನು 1 ಇಂಚಿಗೆ ಏರಿಸಿ ನೋಡಿ. ಎರಡು ನಲ್ಲಿ ಒಟ್ಟಿಗೆ ಬಿಟ್ಟಾಗ ಒಂದು ಸಾಯುವುದು ಇದರಿಂದ ನಿಲ್ಲುತ್ತದೆ. ಸ್ಟ್ಯಾಂಡ್ ಎತ್ತರಿಸುವುದಾದರೆ ಎಂಜಿನಿಯರನ್ನು ಕೇಳದೆ ಬೇಡ, 1000 ಲೀಟರ್ ನೀರೆಂದರೆ 1 ಟನ್ ತೂಕ.

## ಹಂತ 8: ಪಂಪ್, ಬೇರೆ ದಾರಿ ಇಲ್ಲದಿದ್ದರೆ

ಪ್ರೆಶರ್ ಪಂಪನ್ನು ಟ್ಯಾಂಕಿನ ಹೊರದಾರಿಗೆ ಹಾಕಬೇಕು, ಬೀದಿಯ ಲೈನಿಗಲ್ಲ. ಬೆಂಗಳೂರಿನ ಕಾವೇರಿ ಲೈನಿಗೆ ನೇರ ಮೋಟರ್ ಹಾಕಲು ಜಲಮಂಡಳಿಯ ನಿಯಮ ಬಿಡುವುದಿಲ್ಲ. ಕೆಳಮಹಡಿಗೆ ಪಂಪ್ ಬೇಕಾಗಿರುವುದಿಲ್ಲ. ಮೇಲ್ಮಹಡಿಯ ಲೈನ್ ಬೇರೆ ಮಾಡಿ ಅದಕ್ಕಷ್ಟೇ ಹಾಕಿಸಿ, ಕರೆಂಟ್ ಹೋದಾಗ ನೀರು ತಾನಾಗಿ ಇಳಿಯಲು ಪಕ್ಕದಲ್ಲೊಂದು ಬೈಪಾಸ್ ಇರಲಿ.

ಪಂಪ್ ಓಡಿದ ಮೊದಲ ವಾರ ಗೋಡೆಗಳ ಮೇಲೆ ಕಣ್ಣಿಡಿ. ಇಷ್ಟು ದಿನ ಕಡಿಮೆ ಒತ್ತಡಕ್ಕೆ ಸುಮ್ಮನಿದ್ದ ಜೋಡಣೆ ಈಗ ಸೋರಬಹುದು. ಕೆಳಗಿನ ಕೋಣೆಯ ಸೂರಿನಲ್ಲಿ ಒದ್ದೆ ಕಲೆ ಕಂಡರೆ, ಎಲ್ಲಾ ನಲ್ಲಿ ಮುಚ್ಚಿದ್ದರೂ ಪಂಪ್ ಆಗಾಗ ತಾನಾಗಿ ಶುರುವಾದರೆ, ಎಲ್ಲೋ ಸೋರುತ್ತಿದೆ. ತಕ್ಷಣ ನಿಲ್ಲಿಸಿ.

ಸೋಲಾರ್ ಇದ್ದರೆ ಇನ್ನೊಂದು ಎಚ್ಚರ. ಏರ್ ಪೈಪ್ ಇರುವ ಸಾಮಾನ್ಯ ಸೋಲಾರ್ ಟ್ಯಾಂಕಿಗೆ ಪಂಪಿನ ಒತ್ತಡ ಕೊಡಲೇಬಾರದು. ತಣ್ಣೀರಿಗೆ ಮಾತ್ರ ಪಂಪ್ ಕೊಟ್ಟರೂ ಮಿಕ್ಸರಿನ ಎರಡೂ ಕಡೆ ತೆರೆದಾಗ ತಣ್ಣೀರು ಬಿಸಿಲೈನಿಗೆ ನುಗ್ಗಿ, ಸೋಲಾರಿನ ಏರ್ ಪೈಪಿನಿಂದ ತಾರಸಿಗೆ ಸುರಿಯುತ್ತದೆ. ಸ್ನಾನಕ್ಕೆ ನಿಂತವರಿಗೆ ನೀರು ತಣ್ಣಗಾಯಿತು ಎಂದಷ್ಟೇ ಗೊತ್ತಾಗುತ್ತದೆ, ಮೇಲೆ ಟ್ಯಾಂಕ್ ಖಾಲಿಯಾಗುತ್ತಿರುತ್ತದೆ. ಮಿಕ್ಸರಿಗೆ ಹೋಗುವ ಬಿಸಿಲೈನಿನಲ್ಲಿ ನೀರನ್ನು ಹಿಂದಕ್ಕೆ ಬಿಡದ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸಿದರೆ ಇದು ತಪ್ಪುತ್ತದೆ. ಪಂಪಿನ ಬೆಲೆ ಕೇಳುವಾಗಲೇ ಇದನ್ನೂ ಸೇರಿಸಿ ಕೇಳಿ.